ಒಂಬತ್ತನೇ ಗ್ರಹ ಸಿಕ್ಕಿದ್ಯಾ, ನಮ್ಮ ಕಡೆ ಬರ್ತಿದ್ಯಾ? ಅರಸೀಕೆರೆ ಕಡೆಯ ತಾಯಿಯೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: "ಸರ್ ನಮಸ್ತೆ. ನಾವು ಅರಸೀಕೆರೆ ಹತ್ರ ಹಳ್ಳಿಯವರು, ತೆಂಗಿನ ತೋಟ ಇದೆ. ಮಗ ಹತ್ತನೇ ಕ್ಲಾಸ್. ಹೋದ ತಿಂಗಳು ಮೊಬೈಲಿಗೆ ಒಂದು ವಿಡಿಯೋ ಬಂತು, ಸೂರ್ಯನ ಸುತ್ತ ಒಂಬತ್ತನೇ ದೊಡ್ಡ ಗ್ರಹ ಸಿಕ್ಕಿದೆ, ನಾಸಾದವರು ಮುಚ್ಚಿಟ್ಟಿದಾರೆ, ಅದು ಭೂಮಿ ಕಡೆನೇ ಬರ್ತಿದೆ ಅಂತ. ನಮ್ಮತ್ತೆ ಅದನ್ನ ನೋಡಿದ್ದೇ ನೋಡಿದ್ದು, ಅವತ್ತಿಂದ ರಾತ್ರಿ ಸರಿಯಾಗಿ ನಿದ್ದೆ ಇಲ್ಲ. ನವಗ್ರಹದಲ್ಲಿ ಇಲ್ಲದ ಗ್ರಹ ಬಂದ್ರೆ ಒಳ್ಳೇದಲ್ಲ, ಶಾಂತಿ ಮಾಡಿಸ್ಬೇಕು ಅಂತಿದಾರೆ, ಅದಕ್ಕೆ 22 ಸಾವಿರ ಆಗತ್ತಂತೆ. ಮಗನ ಸೈನ್ಸ್ ಮೇಷ್ಟ್ರು ಅದೆಲ್ಲಾ ಶುದ್ಧ ಸುಳ್ಳು, ಅಂಥ ಗ್ರಹನೇ ಇಲ್ಲ ಅಂದ್ರಂತೆ. ಮಗ ಮಾತ್ರ ನಾನೇ ಹುಡುಕ್ತೀನಿ ಅಂತ 38 ಸಾವಿರದ ಟೆಲಿಸ್ಕೋಪ್ ಕೇಳ್ತಿದಾನೆ. ಯಾರ ಮಾತು ನಂಬೋದು? ದುಡ್ಡು ಯಾವುದಕ್ಕೆ ಹಾಕೋದು?"

ಮೇಡಂ, ಮೊದ್ಲು ಅಜ್ಜಿಗೆ ಹೇಳ್ಬೇಕಾದ ಮಾತು ಹೇಳ್ಬಿಡ್ತೀನಿ, ಉಳಿದಿದ್ದು ನಿಧಾನಕ್ಕೆ ಮಾತಾಡೋಣ. ಯಾವ ಗ್ರಹನೂ ಭೂಮಿ ಕಡೆ ಬರ್ತಿಲ್ಲ. ಒಂಬತ್ತನೇ ಗ್ರಹ ಇನ್ನೂ ಯಾರಿಗೂ ಸಿಕ್ಕಿಲ್ಲ. ಸಿಕ್ಕಿದ್ರೂ ಅದು ಇರೋ ಜಾಗದಿಂದ ನಮ್ಮ ಮನೆ ಮಾಳಿಗೆ ಮೇಲಿನ ಒಂದು ಹೆಂಚು ಕೂಡ ಅಲ್ಲಾಡಲ್ಲ. ಇದನ್ನ ಸಮಾಧಾನಕ್ಕೆ ಹೇಳ್ತಿಲ್ಲ, ಲೆಕ್ಕ ಕೆಳಗೆ ಕೊಡ್ತೀನಿ, ನಿಮ್ಮ ಮಗನೇ ಮಾಡಿ ನೋಡ್ಬಹುದು.

ಆದ್ರೆ ಮೇಷ್ಟ್ರು ಹೇಳಿದ್ದೂ ಅರ್ಧ ಮಾತ್ರ ಸರಿ. ಸಿಕ್ಕಿಲ್ಲ ಅನ್ನೋದು ನಿಜ, ಶುದ್ಧ ಸುಳ್ಳು ಅನ್ನೋದು ನಿಜ ಅಲ್ಲ. 2016ರ ಜನವರಿಯಿಂದ ದೊಡ್ಡ ದೊಡ್ಡ ದೂರದರ್ಶಕ ಇಟ್ಕೊಂಡು ತುಂಬಾ ಸೀರಿಯಸ್ಸಾಗಿ ಇದನ್ನ ಹುಡುಕ್ತಿದಾರೆ, ಇದೆ ಅನ್ನೋರೂ ಇಲ್ಲ ಅನ್ನೋರೂ ಇಬ್ರೂ ಒಳ್ಳೇ ವಿಜ್ಞಾನಿಗಳೇ. ನಾನು ಇಪ್ಪತ್ತು ವರ್ಷದ ಮೇಲಾಯ್ತು, ಆಕಾಶದ ಫೋಟೋಗಳಲ್ಲಿ ಸರಿಯೋ ಚುಕ್ಕಿ ಹುಡುಕೋ ಕೆಲ್ಸದಲ್ಲೇ ಇದೀನಿ, ಆದ್ದರಿಂದ ಈ ವಿಷಯ ಯಾರಾದ್ರೂ ಕೇಳಿದ್ರೆ ನಂಗೆ ಸ್ವಲ್ಪ ಉದ್ದವಾಗೇ ಹೇಳ್ಬೇಕು ಅನ್ಸುತ್ತೆ, ಸಹಿಸ್ಕೊಳಿ.

ದೂರದ ಲೆಕ್ಕ ನಿಮ್ಮ ತೋಟದಲ್ಲೇ ಮಾಡೋಣ. ತೆಂಗಿನ ಮರಕ್ಕೂ ಮರಕ್ಕೂ 30 ಅಡಿ ಬಿಟ್ಟಿದೀರಿ ಅಂದ್ಕೊಳಿ. ಸಾಲಿನ ಮೊದಲ್ನೇ ಮರದ ಬುಡದಲ್ಲಿ ಸೂರ್ಯ. ಒಂದು ಅಡಿ ದೂರದಲ್ಲಿ ಭೂಮಿ, ಅಂದ್ರೆ ಒಂದು ಅಡಿ ಅಂದ್ರೆ 15 ಕೋಟಿ ಕಿಲೋಮೀಟರ್. ಈ ಲೆಕ್ಕಕ್ಕೆ ಗುರು 5 ಅಡಿ, ಶನಿ ಒಂಬತ್ತೂವರೆ ಅಡಿ, ನೆಪ್ಚೂನ್ ಸರಿಯಾಗಿ 30 ಅಡಿ, ಅಂದ್ರೆ ಎರಡ್ನೇ ಮರದ ಬುಡ. ನಮಗೆ ಗೊತ್ತಿರೋ ಎಂಟೂ ಗ್ರಹ ಈ ಎರಡು ಮರದ ನಡುವೆನೇ ಮುಗ್ದೋಯ್ತು. 1977ರಲ್ಲಿ ಹೊರಟ ವಾಯೇಜರ್ 1 ನೌಕೆ, ಮನುಷ್ಯ ಕಳಿಸಿದ್ರಲ್ಲಿ ಅತೀ ದೂರ ಹೋಗಿರೋದು, ಸುಮಾರು ಐವತ್ತು ವರ್ಷ ಓಡಿದ್ರೂ ಇನ್ನೂ 170 ಅಡಿ ಆಸುಪಾಸಲ್ಲಿದೆ. ಹುಡುಕ್ತಿರೋ ಗ್ರಹ ಇದ್ರೆ ಅದು ಸುಮಾರು 500 ಅಡಿ ಆಚೆ, ಹದಿನಾರು ಹದಿನೇಳು ಮರ ದಾಟಿ. ಅದರ ದಾರಿ ಕೋಳಿಮೊಟ್ಟೆ ಥರ ಉದ್ದುದ್ದ ಇರೋದ್ರಿಂದ ಸ್ವಲ್ಪ ಹತ್ರ ಬರತ್ತೆ, ಸ್ವಲ್ಪ ದೂರ ಹೋಗತ್ತೆ, ಆದ್ರೆ ಈಗಿನ ಲೆಕ್ಕದ ಪ್ರಕಾರ ತೀರಾ ಹತ್ರ ಅಂದ್ರೂ ಹತ್ತು ಮರದ ಆಸುಪಾಸಿಗೇ ಬಂದು ವಾಪಸ್ಸು. ಎರಡ್ನೇ ಮರಕ್ಕೂ ಬರಲ್ಲ, ಭೂಮಿ ಮಾತು ಬಿಡಿ. ಒಂದು ಸುತ್ತು ಮುಗಿಯೋಕೇ ಸುಮಾರು ಹನ್ನೊಂದು ಸಾವಿರ ವರ್ಷ.

ಅಷ್ಟು ದೂರದಿಂದ ಎಳೆದ್ರೆ ಏನಾಗತ್ತೆ? ಚಂದ್ರನ ಎಳೆತಕ್ಕೆ ಸಮುದ್ರ ಉಬ್ಬಿ ಇಳಿಯೋದು ಗೊತ್ತಲ್ಲ, ಆ ಥರದ ಎಳೆತ ದೂರದ ಘನಕ್ಕೆ ತಕ್ಕಂಗೆ ಕಮ್ಮಿ ಆಗತ್ತೆ. ಐದು ಭೂಮಿಯಷ್ಟು ತೂಕದ ಗ್ರಹ ಅಂದ್ರೆ ನಾನೂರು ಚಂದ್ರನಷ್ಟು ತೂಕ, ಆದ್ರೆ ದೂರ ಚಂದ್ರನಿಗಿಂತ ಸುಮಾರು ಎರಡು ಲಕ್ಷ ಪಟ್ಟು. ಮಗನ ಕೈಲಿ ಎರಡು ಲಕ್ಷದ ಘನ ಮಾಡ್ಸಿ, ಅದನ್ನ ನಾನೂರರಿಂದ ಭಾಗಿಸ್ಲಿ. ಬರೋ ಉತ್ತರ, ಚಂದ್ರನ ಎಳೆತದ ಸುಮಾರು 20 ಲಕ್ಷ ಕೋಟಿಯಲ್ಲಿ ಒಂದು ಭಾಗ. ಚಂದ್ರ ದಿನಾ ಎಳೀತಿದಾನೆ, ನಿಮ್ಮನೆ ಬಾವಿ ನೀರೇ ಅದನ್ನ ಲೆಕ್ಕಕ್ಕೆ ತಗೊಂಡಿಲ್ಲ.

ಬರ್ತಿದೆ ಬರ್ತಿದೆ ಅನ್ನೋ ಮಾತು ಹೊಸದೇನಲ್ಲ. ನಿಬಿರು ಅಂತ ಹೆಸರಿಟ್ಟು 2003ರಲ್ಲಿ ಬರತ್ತೆ ಅಂದ್ರು, ಬರಲಿಲ್ಲ, 2012ರ ಡಿಸೆಂಬರ್ 21 ಅಂದ್ರು, ಆಮೇಲೆ 2017ರ ಸೆಪ್ಟೆಂಬರ್ 23 ಅಂದ್ರು. ಅಜ್ಜಿಗೆ 2012ರದ್ದು ನೆನಪಿರಬಹುದು, ಟಿವಿಯಲ್ಲಿ ದಿನಾ ಬರ್ತಿತ್ತು. ಒಂದು ಮಾತು ಮಾತ್ರ ತಲೇಲಿಟ್ಕೊಳಿ, ಭೂಮಿಗಿಂತ ದೊಡ್ಡ ಗ್ರಹ ಒಂದೆರಡು ವರ್ಷದಲ್ಲಿ ನಮ್ಮ ಹತ್ರ ಬರೋದಿದ್ರೆ ಅದು ಈಗಾಗ್ಲೇ ಗುರು ಶನಿ ಥರ ಬರಿಗಣ್ಣಿಗೆ ಕಾಣ್ತಿರ್ಬೇಕಿತ್ತು, ನೀವು ಅಂಗಳದಲ್ಲಿ ನಿಂತು ನೋಡ್ಬಹುದಿತ್ತು. ಮುಚ್ಚಿಡೋಕೆ ಆಕಾಶ ನಾಸಾದವರ ಸ್ವಂತ ಗೋದಾಮಲ್ಲ. ಹವಾಯಿಯಲ್ಲಿ ಜಪಾನಿನವರ ಸುಬಾರು ದೂರದರ್ಶಕ ಇದೆ, ಚಿಲಿಯಲ್ಲಿ ಹತ್ತಾರು ಇವೆ, ಲಡಾಖಿನ ಹಾನ್ಲೆಯಲ್ಲಿ ನಮ್ಮದೇ ಇದೆ, ಇದರ ಮೇಲೆ ಮನೆ ಮಾಳಿಗೆ ಮೇಲೆ ಕ್ಯಾಮೆರಾ ಇಟ್ಕೊಂಡಿರೋ ಹವ್ಯಾಸಿಗಳು ಸಾವಿರಾರು ಜನ, ಎಲ್ಲರ ಬಾಯಿ ಯಾರು ಕಟ್ತಾರೆ ಹೇಳಿ.

ಹಂಗಾದ್ರೆ ಈ ಗ್ರಹದ ಮಾತು ಎಲ್ಲಿಂದ ಹುಟ್ತು ಅಂತ ಕೇಳ್ತೀರಿ. ನೆಪ್ಚೂನ್ ಆಚೆ ಹಿಮದ ಸಣ್ಣ ಸಣ್ಣ ಕಾಯಗಳು ಲೆಕ್ಕ ಇಲ್ಲದಷ್ಟಿವೆ, ಪ್ಲೂಟೋನೂ ಅವುಗಳಲ್ಲಿ ಒಂದು. 2003ರ ನವೆಂಬರಲ್ಲಿ ಸೆಡ್ನಾ ಅಂತ ಒಂದು ಸಿಕ್ತು. ಅದು ಸೂರ್ಯನಿಗೆ ತೀರಾ ಹತ್ರ ಬಂದ್ರೂ 76 ಅಡಿ, ನಮ್ಮ ತೋಟದ ಲೆಕ್ಕದಲ್ಲಿ. ನೆಪ್ಚೂನ್ 30 ಅಡೀಲಿ ಇದ್ದು ಅದನ್ನ ಮುಟ್ಟೋಕೂ ಆಗಲ್ಲ, ಹಂಗಿರುವಾಗ ಇದನ್ನ ಅಷ್ಟು ಉದ್ದದ ದಾರಿಗೆ ಎಳೆದು ಬಿಟ್ಟೋರು ಯಾರು? 2014ರಲ್ಲಿ ಟ್ರುಹಿಯೋ ಮತ್ತೆ ಶೆಪರ್ಡ್ ಅನ್ನೋರು ಅಂಥದ್ದೇ ಇನ್ನೊಂದನ್ನ, 2012 ವಿಪಿ113 ಅಂತ, ಪ್ರಕಟಿಸಿದ್ರು, ಜೊತೆಗೆ ಈ ದೂರದ ಕಾಯಗಳ ದಾರಿಗಳಲ್ಲಿ ಒಂದು ಕೋನ ಎಲ್ಲದಕ್ಕೂ ಹೆಚ್ಚುಕಮ್ಮಿ ಒಂದೇ ಥರ ಇದೆ ಅಂತ ಗಮನಿಸಿದ್ರು. ಎರಡು ವರ್ಷ ಬಿಟ್ಟು ಅಮೆರಿಕದ ಕ್ಯಾಲ್ಟೆಕ್ ವಿಶ್ವವಿದ್ಯಾಲಯದ ಕಾನ್‌ಸ್ಟಾಂಟಿನ್ ಬತಿಗಿನ್ ಮತ್ತೆ ಮೈಕ್ ಬ್ರೌನ್ ಆರು ಕಾಯ ತಗೊಂಡು ನೋಡಿದ್ರೆ ಆರರ ದಾರಿನೂ ಒಂದೇ ಕಡೆಗೆ ಚಾಚ್ಕೊಂಡಿದೆ, ಒಂದೇ ರೀತಿ ಓರೆಯಾಗಿದೆ. ತಾನಾಗೇ ಹಿಂಗಾಗೋ ಸಾಧ್ಯತೆ ನೂರಕ್ಕೆ 0.007 ಅಂತ ಲೆಕ್ಕ ಹಾಕಿದ್ರು. ದೊಡ್ಡ ಗ್ರಹ ಒಂದು ಆಚೆ ಕಡೆ ಇದ್ದು, ಕೋಟ್ಯಂತರ ವರ್ಷ ನಿಧಾನಕ್ಕೆ ಇವನ್ನ ಕುರಿ ಮಂದೆ ಥರ ಒಂದೇ ಕಡೆ ತಿರುಗ್ಸಿದೆ ಅನ್ನೋದು ಅವರ ವಾದ.

ಇಲ್ಲಿ ನಿಮ್ಮತ್ತೆಗೆ ಇಷ್ಟ ಆಗೋ ವಿಷಯ ಒಂದು ಹೇಳ್ಬೇಕು. ನವಗ್ರಹದಲ್ಲಿ ಸೂರ್ಯ ಚಂದ್ರ ಇದಾರೆ, ರಾಹು ಕೇತು ಇದಾರೆ, ಯುರೇನಸ್ ನೆಪ್ಚೂನ್ ಇಲ್ಲ, ಭೂಮಿನೂ ಇಲ್ಲ. ಅದು ಬೇರೆ ಲೆಕ್ಕ, ಇದು ಬೇರೆ ಲೆಕ್ಕ, 1781ರಲ್ಲಿ ಯುರೇನಸ್ ಸಿಕ್ಕಿದಾಗ್ಲೂ 1846ರಲ್ಲಿ ನೆಪ್ಚೂನ್ ಸಿಕ್ಕಿದಾಗ್ಲೂ ನವಗ್ರಹದ ಗುಡಿಯಲ್ಲಿ ಒಂದು ಕಲ್ಲೂ ಜಾಗ ಬದಲಾಯಿಸಲಿಲ್ಲ. ಆದ್ರೆ ರಾಹು ಅಂದ್ರೆ ಏನು? ಚಂದ್ರನ ದಾರಿ ಸೂರ್ಯನ ದಾರಿಯನ್ನ ದಾಟಿ ಮೇಲಕ್ಕೆ ಹತ್ತೋ ಬಿಂದು. ಕಣ್ಣಿಗೆ ಕಾಣದ ಬಿಂದು, ಅದನ್ನ ಲೆಕ್ಕದಲ್ಲಿ ಹಿಡಿದು ಗ್ರಹಣ ಹೇಳ್ತಿದ್ರು. ಟ್ರುಹಿಯೋ ಶೆಪರ್ಡ್ ಅಳೆದ ಕೋನ ಇದ್ಯಲ್ಲ, ಅದನ್ನೂ ಅಂಥದ್ದೇ ಬಿಂದುವಿಂದಾನೇ ಅಳೀತಾರೆ, ಪ್ರತಿ ಕಾಯಕ್ಕೂ ಅದರದ್ದೇ ಒಂದು ರಾಹು ಅಂದ್ಕೊಳಿ. ಕಾಣೋದನ್ನ ಇಟ್ಕೊಂಡು ಕಾಣದ್ದನ್ನ ಲೆಕ್ಕದಲ್ಲಿ ಹಿಡಿಯೋ ಕೆಲ್ಸ ನಮಗೆ ಹೊಸದಲ್ಲ.

ಈಗ ಇಲ್ಲ ಅನ್ನೋರ ಮಾತು. ನಂಗೆ ಇದು ಬಹಳ ಮುಖ್ಯ ಅನ್ಸುತ್ತೆ, ವಿಡಿಯೋಗಳಲ್ಲಿ ಇದನ್ನ ಯಾರೂ ಹೇಳಲ್ಲ. ನಿಮ್ಮೂರಿಗೆ ಗಣತಿಗೆ ಬಂದವರು ಬೆಳಿಗ್ಗೆ ಹನ್ನೊಂದು ಗಂಟೆಗೆ ಮಾತ್ರ ಮನೆ ಬಾಗ್ಲು ತಟ್ಟಿದ್ರು ಅಂದ್ಕೊಳಿ, ಮಕ್ಕಳು ಸ್ಕೂಲಿಗೆ, ಉಳಿದೋರು ತೋಟಕ್ಕೆ ಹೋಗಿರ್ತಾರೆ, ಬಾಗ್ಲು ತೆಗೆಯೋರು ಅಜ್ಜ ಅಜ್ಜೀರು. ಪಟ್ಟಿ ನೋಡಿದ್ರೆ ಈ ಊರಲ್ಲಿ ಬರೀ ವಯಸ್ಸಾದೋರೇ ಇದಾರೆ ಅನ್ಸುತ್ತೆ. ಪಟ್ಟೀಲಿರೋ ಒಂದು ಹೆಸರೂ ಸುಳ್ಳಲ್ಲ, ಹೋದ ಟೈಮು ಹಂಗಿತ್ತು ಅಷ್ಟೆ. ಈ ದೂರದ ಕಾಯಗಳದ್ದೂ ಇದೇ ಕಥೆ, ಅವು ಸೂರ್ಯನಿಗೆ ಹತ್ರ ಬಂದಾಗ ಮಾತ್ರ ಕಾಣೋದು, ಅದೂ ದೂರದರ್ಶಕ ಯಾವ ತಿಂಗಳು ಯಾವ ದಿಕ್ಕು ನೋಡ್ತಿತ್ತೋ ಅಲ್ಲಿದ್ರೆ ಮಾತ್ರ. ಮಳೆಗಾಲದಲ್ಲಿ ನೋಡೋಕಾಗಲ್ಲ, ಆಕಾಶಗಂಗೆ ಇರೋ ಕಡೆ ನಕ್ಷತ್ರ ಜಾಸ್ತಿ ಅಂತ ಅಲ್ಲಿ ನೋಡಲ್ಲ. ಹಂಗೆ ಸಿಕ್ಕಿದ್ದೆಲ್ಲ ಒಂದೇ ಕಡೆ ಇದೆ ಅಂದ್ರೆ ಅದು ಗ್ರಹ ತಳ್ಳಿದ್ದಾ, ನಾವು ಹುಡುಕಿದ ರೀತಿಯಾ? 2021ರಲ್ಲಿ ಕೆವಿನ್ ನೇಪಿಯರ್ ಮತ್ತವರ ಜೊತೆಯವರು ಮೂರು ಸಮೀಕ್ಷೆಗಳ 14 ಕಾಯ ತಗೊಂಡು, ಯಾವ ದೂರದರ್ಶಕ ಎಲ್ಲಿ ಯಾವಾಗ ನೋಡ್ತು ಅನ್ನೋದನ್ನೂ ಲೆಕ್ಕಕ್ಕೆ ಹಿಡಿದು ನೋಡಿದ್ರು, ಎಲ್ಲಾ ದಿಕ್ಕಿಗೂ ಸಮವಾಗಿ ಹರಡಿದ್ರೂ ಇಂಥ ಪಟ್ಟಿ ಬರಬಹುದು ಅಂದ್ರು. ಅದೇ ವರ್ಷ ಬ್ರೌನ್ ಬತಿಗಿನ್ ತಮ್ಮ ಲೆಕ್ಕ ತಿದ್ದಿ, ಹುಡುಕಿದ ರೀತಿನೂ ಸೇರಿಸ್ಕೊಂಡು, ಆಕಸ್ಮಿಕ ಆಗಿರೋ ಸಾಧ್ಯತೆ ನೂರಕ್ಕೆ 0.4 ಅಂದ್ರು. ಮೊದಲಿದ್ದ 0.007 ಎಲ್ಲಿ, ಈ 0.4 ಎಲ್ಲಿ ನೋಡಿ, ಅವರದೇ ಲೆಕ್ಕದಲ್ಲಿ ಅನುಮಾನ ಐವತ್ತು ಪಟ್ಟಿಗಿಂತ ಜಾಸ್ತಿ ಬೆಳೀತು, ಆದ್ರೂ ಗ್ರಹದ ವಾದ ಬಿದ್ದೋಗ್ಲಿಲ್ಲ.

ಆಮೇಲೆ 2025ರಲ್ಲಿ ಎರಡು ಹೊಸ ಕಾಯಗಳ ಸುದ್ದಿ ಬಂತು. ಒಂದು 2017 ಓಎಫ್201, ಸುತ್ತು ಮುಗಿಯೋಕೆ 25 ಸಾವಿರ ವರ್ಷ ತಗೊಳತ್ತೆ. ಇನ್ನೊಂದು 2023 ಕೆಕ್ಯೂ14, ಸುಬಾರು ದೂರದರ್ಶಕದಿಂದ ಸಿಕ್ಕಿದ್ದು, ಅಮೋನೈಟ್ ಅಂತ ಮುದ್ದಿನ ಹೆಸರು. ಎರಡೂ ಆ ಗುಂಪಿನ ದಿಕ್ಕಲ್ಲಿಲ್ಲ. ಗ್ರಹ ಇದ್ರೆ ಇವು ಯಾಕೆ ತಿರುಗ್ಲಿಲ್ಲ ಅನ್ನೋ ಪ್ರಶ್ನೆ ಎದ್ದಿದೆ. ಗ್ರಹ ಇಲ್ಲದೇನೂ ಗುಂಪು ಆಗಬಹುದು ಅನ್ನೋ ಬೇರೆ ವಿವರಣೆಗಳೂ ಇವೆ. ಸೂರ್ಯ ಹುಟ್ಟಿದ ಕಾಲದಲ್ಲಿ ಪಕ್ಕದ ನಕ್ಷತ್ರ ಹಾದು ಹೋಗಿ ಎಳೆದಿರಬಹುದು ಅಂತ ಒಂದು, ಆದ್ರೆ ಅದು ನಿಜ ಆದ್ರೆ ಗುಂಪು ಇಷ್ಟು ಹೊತ್ತಿಗೆ ಚದುರಿ ಹೋಗಿರ್ಬೇಕಿತ್ತು. ಸಣ್ಣ ಕಾಯಗಳೇ ಸೇರಿ ಒಂದನ್ನೊಂದು ಎಳ್ಕೊಂಡಿವೆ ಅಂತ ಇನ್ನೊಂದು, ಅದಕ್ಕೆ ಬೇಕಾದಷ್ಟು ತೂಕ ಅಲ್ಲಿ ಇದ್ದಂಗೆ ಕಾಣಲ್ಲ. ಗ್ರಹ ಅಲ್ಲ, ಕಿತ್ತಳೆ ಗಾತ್ರದ ಕಪ್ಪುಕುಳಿ ಅಂತ 2019ರಲ್ಲಿ ಇಬ್ರು ಬರೆದ್ರು, ಅದಕ್ಕೆ ಈವರೆಗೆ ಪುರಾವೆ ಏನೂ ಇಲ್ಲ. ಮತ್ತೆ ದೆಹಲಿಯಲ್ಲಿ ಹುಟ್ಟಿ ಅರಿಝೋನಾದಲ್ಲಿರೋ ರೇಣು ಮಲ್ಹೋತ್ರಾ, ಪ್ಲೂಟೋ ದಾರಿ ಯಾಕೆ ಹಂಗಿದೆ ಅಂತ 1993ರಲ್ಲಿ ಚೆನ್ನಾಗಿ ವಿವರಿಸಿದೋರು, ಅವರೂ ಕ್ಯಾಟ್ ವೋಕ್ ಅನ್ನೋರೂ 2017ರಲ್ಲಿ ಬೇರೆನೇ ಒಂದು ಸುಳಿವು ಹೇಳಿದ್ರು, ನೆಪ್ಚೂನ್ ಆಚೆ ಸಣ್ಣ ಕಾಯಗಳು ತಟ್ಟೆ ಥರ ಹರಡಿರೋದು ಸ್ವಲ್ಪ ಬಾಗಿದೆ, ಇನ್ನೂ ಹತ್ರದಲ್ಲಿ ಮಂಗಳ ಗ್ರಹದಷ್ಟು ಗಾತ್ರದ್ದು ಇರಬಹುದು ಅಂತ. ಅದು ಈ ಒಂಬತ್ತನೇ ಗ್ರಹ ಅಲ್ಲ, ಬೇರೆ.

ನನ್ನ ಅಭಿಪ್ರಾಯ ಕೇಳಿದ್ರೆ, 2016ರಲ್ಲಿ ಇರಬಹುದು ಅಂತ ಬಲವಾಗಿ ಅನ್ಸಿತ್ತು, ಈಗ ಅಷ್ಟಿಲ್ಲ. ಆದ್ರೆ ಇಲ್ಲ ಅಂತ ಹೇಳೋ ಧೈರ್ಯನೂ ಇಲ್ಲ. ಯಾಕಂದ್ರೆ ಲೆಕ್ಕದಿಂದ ಗ್ರಹ ಹಿಡಿದಿದ್ದೂ ಇದೆ, ಲೆಕ್ಕ ಕೈ ಕೊಟ್ಟಿದ್ದೂ ಇದೆ, ಎರಡೂ ಒಬ್ಬನೇ ಮನುಷ್ಯನ ಜೀವನದಲ್ಲಿ. ಫ್ರಾನ್ಸಿನ ಲೆವೆರಿಯೆ, ಯುರೇನಸ್ ದಾರಿ ತಪ್ತಿರೋದು ನೋಡಿ ಇಂಥ ಜಾಗದಲ್ಲಿ ಹುಡುಕಿ ಅಂತ ಬರ್ಲಿನ್ನಿಗೆ ಕಾಗದ ಬರೆದ, ಕಾಗದ ತಲುಪಿದ ರಾತ್ರಿನೇ, 1846ರ ಸೆಪ್ಟೆಂಬರ್ 23, ಗಾಲೆ ಅನ್ನೋರು ಒಂದು ಡಿಗ್ರಿ ಒಳಗೆ ನೆಪ್ಚೂನ್ ಕಂಡ್ರು. ಅದೇ ಲೆವೆರಿಯೆ 1859ರಲ್ಲಿ ಬುಧನ ದಾರಿಯ ಸಣ್ಣ ವ್ಯತ್ಯಾಸ ನೋಡಿ ಸೂರ್ಯನ ಹತ್ರ ಇನ್ನೊಂದು ಗ್ರಹ ಇದೆ ಅಂದ, ಅದಕ್ಕೆ ವಲ್ಕನ್ ಅಂತ ಹೆಸರೂ ಬಿತ್ತು, ಗ್ರಹ ಮಾತ್ರ ಇರ್ಲೇ ಇಲ್ಲ, 1915ರಲ್ಲಿ ಐನ್‌ಸ್ಟೈನ್ ಬಂದು ತಿದ್ದಬೇಕಾಗಿದ್ದು ಗುರುತ್ವದ ಸೂತ್ರನೇ ಅಂತ ತೋರಿಸಿದ್ರು. ಪ್ಲೂಟೋದ್ದು ಇನ್ನೂ ವಿಚಿತ್ರ. ಪರ್ಸಿವಲ್ ಲೊವೆಲ್ ಅನ್ನೋ ಶ್ರೀಮಂತರು ಗ್ರಹ ಎಕ್ಸ್ ಅಂತ 1906ರಿಂದ ಹುಡುಕಿ ಹುಡುಕಿ 1916ರಲ್ಲಿ ತೀರ್ಕೊಂಡ್ರು, ಅವರ ವೀಕ್ಷಣಾಲಯದಲ್ಲೇ 1930ರಲ್ಲಿ ಕ್ಲೈಡ್ ಟಾಂಬೋ ಅನ್ನೋ ರೈತರ ಮನೆ ಹುಡುಗನಿಗೆ ಪ್ಲೂಟೋ ಸಿಕ್ತು, ಆಮೇಲೆ ನೋಡಿದ್ರೆ ಅದರ ತೂಕ ಭೂಮಿಯ ನೂರಕ್ಕೆ 0.2 ಭಾಗ, ಲೊವೆಲ್ ಲೆಕ್ಕಕ್ಕೂ ಅದಕ್ಕೂ ಸಂಬಂಧನೇ ಇಲ್ಲ. ವಾಯೇಜರ್ 2 ನೌಕೆ 1989ರಲ್ಲಿ ನೆಪ್ಚೂನ್ ಹತ್ರ ಹಾದು ಹೋದ್ಮೇಲೆ ನೆಪ್ಚೂನ್ ತೂಕವನ್ನ ನೂರಕ್ಕೆ ಅರ್ಧದಷ್ಟು ತಿದ್ದಿದ್ರು, ಗ್ರಹ ಎಕ್ಸ್ ಬೇಕು ಅನ್ನೋ ವ್ಯತ್ಯಾಸನೇ ಮಾಯ ಆಯ್ತು.

ಇಷ್ಟೆಲ್ಲಾ ದೂರದರ್ಶಕ ಇದ್ದೂ ಯಾಕೆ ಸಿಕ್ತಿಲ್ಲ ಅಂತ ನಿಮ್ಮ ಮಗ ಕೇಳೇ ಕೇಳ್ತಾನೆ. ಮತ್ತೆ ತೋಟಕ್ಕೆ ಬನ್ನಿ. ಮೊದಲ್ನೇ ಮರದ ಹತ್ರ ದೀಪ, ಎರಡ್ನೇ ಮರದ ಹತ್ರ ಒಂದು ಬಿಳೀ ಚೆಂಡು, ದೀಪದ ಬೆಳಕು ಬಿದ್ದು ಕಾಣತ್ತೆ. ಅದೇ ಚೆಂಡನ್ನ ಇಪ್ಪತ್ತು ಪಟ್ಟು ದೂರ ಇಟ್ರೆ ಅದಕ್ಕೆ ಬೀಳೋ ಬೆಳಕು ನಾನೂರು ಪಟ್ಟು ಕಮ್ಮಿ, ಅಲ್ಲಿಂದ ವಾಪಸ್ಸು ನಿಮ್ಮ ಕಣ್ಣಿಗೆ ಬರುವಾಗ ಮತ್ತೆ ನಾನೂರು ಪಟ್ಟು ಕಮ್ಮಿ, ಒಟ್ಟು 1 ಲಕ್ಷ 60 ಸಾವಿರ ಪಟ್ಟು ಮಂಕು. ಅದಕ್ಕೇ ಕಷ್ಟ. ಇದರ ಮೇಲೆ ಅದು ಇರಬಹುದಾದ ದಾರಿಯ ದೂರದ ತುದಿ ಮಹಾವ್ಯಾಧ, ವೃಷಭ ಅನ್ನೋ ನಕ್ಷತ್ರಪುಂಜಗಳ ಕಡೆ ಬೀಳತ್ತೆ, ಅಲ್ಲಿ ಹಿಂದೆ ಆಕಾಶಗಂಗೆಯ ಲಕ್ಷಾಂತರ ಚುಕ್ಕಿ.

ಚುಕ್ಕಿ ಮಧ್ಯೆ ಚುಕ್ಕಿ ಗುರುತು ಹಿಡಿಯೋದು ಹೆಂಗೆ ಅಂದ್ರೆ, ಅದು ಸರಿಯೋದ್ರಿಂದ. ಹಾನ್ಲೆಯ 2 ಮೀಟರ್ ದೂರದರ್ಶಕವನ್ನ ನಡೆಸೋದು ನಮ್ಮ ಹೊಸಕೋಟೆ ಕಂಟ್ರೋಲ್ ರೂಮಿಂದ, ಸ್ಯಾಟಲೈಟ್ ಲಿಂಕಲ್ಲಿ. ಅಲ್ಲಿ ಕೂತು ಮಾಡಿದ ರಾತ್ರಿಗಳು ನಂಗೆ ಈಗ್ಲೂ ಕಣ್ಮುಂದಿವೆ. ಒಂದೇ ಜಾಗದ ಮೂರು ಫೋಟೋ, ಗಂಟೆಗೊಂದು, ಮೂರನ್ನೂ ಸ್ಕ್ರೀನ್ ಮೇಲೆ ಒಂದರ ಮೇಲೊಂದು ಟಕ್ ಟಕ್ ಅಂತ ಬದಲಾಯಿಸ್ತಾ ನೋಡೋದು. ನಕ್ಷತ್ರಗಳೆಲ್ಲ ನಿಂತಲ್ಲೇ ನಿಂತಿರ್ತವೆ, ಒಂದು ಚುಕ್ಕಿ ಮಾತ್ರ ಎಡಕ್ಕೆ ಹಾರತ್ತೆ, ಎದೆ ಧಸಕ್ ಅನ್ನತ್ತೆ. ಪಟ್ಟಿ ತೆಗೆದು ನೋಡಿದ್ರೆ ಮಂಗಳ ಗುರುವಿನ ನಡುವಿನ ಹಳೇ ಕ್ಷುದ್ರಗ್ರಹ, ನಂಬರ್ ಸಮೇತ ಗೊತ್ತಿರೋದು. ಇನ್ನೊಂದ್ಸಲ ಒಂದು ಚುಕ್ಕಿ ಎರಡು ಫೋಟೋದಲ್ಲಿತ್ತು, ಮೂರನೇದ್ರಲ್ಲಿ ಇಲ್ಲ, ಕ್ಯಾಮೆರಾದ ಕೆಟ್ಟ ಪಿಕ್ಸೆಲ್. ಆ ಕ್ಷುದ್ರಗ್ರಹ ಗಂಟೆಗೆ ನೂರು ಪಿಕ್ಸೆಲ್ ಓಡಿದ್ರೆ 500 ಅಡಿ ದೂರದ ಗ್ರಹ ಗಂಟೆಗೆ ಒಂದೇ ಪಿಕ್ಸೆಲ್ ಸರಿಯತ್ತೆ, ಗಾಳಿಯ ನಡುಕಕ್ಕೆ ಚುಕ್ಕಿ ಮಸುಕಾಗೋದೇ ಅದಕ್ಕಿಂತ ಜಾಸ್ತಿ. ಅದೂ ಅದರ ಓಟ ಅಲ್ಲ, ಭೂಮಿ ಓಡೋದ್ರಿಂದ ಕಾಣೋದು, ಹೆಬ್ಬೆರಳು ಮುಂದಿಟ್ಟು ಒಂದೊಂದೇ ಕಣ್ಣು ಮುಚ್ಚಿದ್ರೆ ಬೆರಳು ಆಕಡೆ ಈಕಡೆ ಹಾರತ್ತಲ್ಲ ಹಂಗೆ. ಆರು ತಿಂಗಳಲ್ಲಿ ಹುಣ್ಣಿಮೆ ಚಂದ್ರನ ಅಗಲದ ಅರ್ಧಕ್ಕಿಂತ ಕಮ್ಮಿ. ಇನ್ನು ಹಾನ್ಲೆ ಕ್ಯಾಮೆರಾ ಒಂದ್ಸಲಕ್ಕೆ ನೋಡೋದು ಚಂದ್ರನ ಏಳನೇ ಒಂದು ಭಾಗದಷ್ಟು ಜಾಗ, ಒಬ್ರು ಹಿಡಿದು ಕೊಟ್ಟಿದ್ದನ್ನ ಖಾತ್ರಿ ಮಾಡೋಕೆ ಅದು ಚಿನ್ನದಂಥದ್ದು, ಇಡೀ ಆಕಾಶ ಜಾಲಾಡೋಕೆ ಆಗಲ್ಲ.

ನಿಮ್ಮ ವಿಡಿಯೋದವರಿಗೆ ಸಿಕ್ಕಿದೆ ಅನ್ನೋ ಮಾತು ಎಲ್ಲಿಂದ ಬಂತು ಅಂತ ನಾನು ಊಹೆ ಮಾಡ್ಬಲ್ಲೆ. 2025ರಲ್ಲಿ ತೈವಾನಿನ ಸಂಶೋಧಕರ ಒಂದು ತಂಡ, ಐರಾಸ್ ಅನ್ನೋ ಉಪಗ್ರಹ 1983ರಲ್ಲಿ ತೆಗೆದ ದಾಖಲೆ, ಜಪಾನಿನ ಅಕಾರಿ 2006ರಲ್ಲಿ ತೆಗೆದ ದಾಖಲೆ, ಎರಡನ್ನೂ ಪಕ್ಕ ಪಕ್ಕ ಇಟ್ಟು, 23 ವರ್ಷದಲ್ಲಿ ಇಷ್ಟು ಸರಿದಿರಬಹುದು ಅನ್ನೋ ಒಂದು ಜೋಡಿ ಚುಕ್ಕಿ ತೋರಿಸಿದ್ರು. ಬಹಳ ಒಳ್ಳೇ ಕೆಲ್ಸ, ಅವರು ಸಿಕ್ತು ಅನ್ನಲಿಲ್ಲ, ಇದನ್ನ ಖಾತ್ರಿ ಮಾಡಿ ಅಂದ್ರು. ಎರಡು ಚುಕ್ಕಿ ಇಟ್ಕೊಂಡು ದಾರಿ ಬರೆಯೋಕಾಗಲ್ಲ, ಎರಡೂ ಒಂದೇ ಕಾಯ ಅಂತಾನೂ ಹೇಳೋಕಾಗಲ್ಲ. ಬ್ರೌನ್ ಅಂತೂ ಅದು ನಿಜವಾದ್ರೂ ನಾವು ಹೇಳಿದ ಗ್ರಹ ಅಲ್ಲ, ದಾರಿ ಓರೆ ಹೊಂದಲ್ಲ ಅಂದ್ರು. ನೋಡಿ, ಕ್ಯಾಮೆರಾಗೆ ಬೀಳೋದು ಬೇರೆ, ಗುರುತಾಗೋದು ಬೇರೆ. ಒಂಬತ್ತನೇ ಗ್ರಹ ಇದ್ರೆ ಅದು ಈಗಾಗ್ಲೇ ಯಾವುದೋ ಹಾರ್ಡ್ ಡಿಸ್ಕಲ್ಲಿ ಚುಕ್ಕಿಯಾಗಿ ಕೂತಿರೋ ಸಾಧ್ಯತೆ ಇದೆ, ಗೆಲಿಲಿಯೋ 1612ರಲ್ಲೇ ನೆಪ್ಚೂನ್ ನೋಡಿ ನಕ್ಷತ್ರ ಅಂತ ಗುರುತು ಹಾಕಿಟ್ಟಿದ್ದ. ಬ್ರೌನ್ ತಂಡ ಹಳೇ ಫೋಟೋಗಳನ್ನೇ ಜಾಲಾಡ್ತಾ ಬಂದಿದೆ, 2024ರ ಹೊತ್ತಿಗೆ ಇರಬಹುದಾದ ಜಾಗದಲ್ಲಿ ನೂರಕ್ಕೆ 78 ಭಾಗ ಹುಡುಕಿ ಮುಗಿಸಿದ್ರು. ಉಳಿದಿದ್ದಕ್ಕೆ ಚಿಲಿಯ ರೂಬಿನ್ ವೀಕ್ಷಣಾಲಯ, 8.4 ಮೀಟರ್ ಕನ್ನಡಿ, 3200 ಮೆಗಾಪಿಕ್ಸೆಲ್ ಕ್ಯಾಮೆರಾ, ಒಂದ್ಸಲಕ್ಕೆ ನಲವತ್ತಕ್ಕೂ ಜಾಸ್ತಿ ಹುಣ್ಣಿಮೆ ಚಂದ್ರರಷ್ಟು ಜಾಗ, ಹತ್ತು ವರ್ಷ ದಕ್ಷಿಣದ ಆಕಾಶವನ್ನ ಮತ್ತೆ ಮತ್ತೆ ತೆಗೆಯೋ ಯೋಜನೆ. ಮೊದಲ ಫೋಟೋಗಳು 2025ರ ಜೂನಲ್ಲಿ ಬಂದ್ವು. ಗ್ರಹ ನೇರವಾಗಿ ಸಿಗದಿದ್ರೂ ಸೆಡ್ನಾ ಥರದ್ದು ಬೇಕಾದಷ್ಟು ಸಿಕ್ತವೆ, ಅದೂ ಎಲ್ಲಿ ಯಾವಾಗ ನೋಡಿದ್ವಿ ಅನ್ನೋ ಪಕ್ಕಾ ಲೆಕ್ಕದ ಜೊತೆ, ಗಣತಿಯವರು ಮೂರು ಹೊತ್ತೂ ಮನೆಗೆ ಬಂದಂಗೆ. ಗುಂಪು ನಿಜವಾ ಅನ್ನೋದು ಆಗ ಗೊತ್ತಾಗತ್ತೆ.

ಈಗ ದುಡ್ಡಿನ ವಿಷಯ. ಶಾಂತಿ ಪೂಜೆ ನಿಮ್ಮ ಮನೆಯ ನಂಬಿಕೆ, ಅದರಲ್ಲಿ ನಾನು ತಲೆ ಹಾಕಲ್ಲ. ಆದ್ರೆ ಈ ಗ್ರಹದ ಹೆದರಿಕೆಗೆ ಅಂತ 22 ಸಾವಿರ ಸಾಲ ಮಾಡ್ಬೇಡಿ, ಹೆದರೋ ವಿಷಯನೇ ಇಲ್ಲಿಲ್ಲ. ಅತ್ತೆಗೆ ಸಮಾಧಾನ ಆಗ್ಬೇಕು ಅಂದ್ರೆ ಶನಿವಾರ ನವಗ್ರಹಕ್ಕೆ ಒಂದು ಎಳ್ಳೆಣ್ಣೆ ದೀಪ ಹಚ್ಚಿಸ್ಕೊಂಡು ಬನ್ನಿ, ಜೊತೆಗೆ ತೋಟಕ್ಕೆ ಕರ್ಕೊಂಡು ಹೋಗಿ ಆ ಹದಿನೇಳನೇ ಮರ ತೋರ್ಸಿ.

38 ಸಾವಿರದ ಟೆಲಿಸ್ಕೋಪ್ ಈಗ್ಲೇ ಬೇಡ ಅಂತೀನಿ. ಆ ರೇಟಿಗೆ ಸಿಗೋ ಐದು ಇಂಚಿನ ಕನ್ನಡಿಯಲ್ಲಿ ಕಣ್ಣಿಟ್ಟು ನೋಡಿದ್ರೆ 13ರ ಪ್ರಕಾಶಾಂಕದವರೆಗೆ ಕಾಣಬಹುದು (ಈ ಅಂಕಿ ದೊಡ್ಡದಾದಷ್ಟೂ ಚುಕ್ಕಿ ಮಂಕು), ಹುಡುಕ್ತಿರೋ ಗ್ರಹ ಸುಮಾರು 22 ಅಂತ ಲೆಕ್ಕ, ಅಂದ್ರೆ ಆ ಟೆಲಿಸ್ಕೋಪಿಗೆ ಕಾಣೋ ಅತೀ ಮಂಕು ನಕ್ಷತ್ರಕ್ಕಿಂತ ನಾಲ್ಕು ಸಾವಿರ ಪಟ್ಟು ಮಂಕು. ಅದೇ ಗುರಿ ಇಟ್ಕೊಂಡು ತಗೊಂಡ್ರೆ ಎರಡ್ನೇ ತಿಂಗಳಿಗೆ ಅಟ್ಟದ ಮೇಲೆ ಹೋಗತ್ತೆ. ಶನಿಯ ಉಂಗುರ, ಗುರುವಿನ ಚಂದ್ರರು ನೋಡೋಕೆ ಅಂದ್ರೆ ಒಳ್ಳೇದೇ, ಆದ್ರೆ ಹತ್ತನೇ ಪರೀಕ್ಷೆ ಮುಗೀಲಿ.

ಗ್ರಹ ಹುಡುಕೋ ಆಸೆನೇ ಇದ್ರೆ ಅದಕ್ಕೆ ಟೆಲಿಸ್ಕೋಪೇ ಬೇಡ. ಬ್ಯಾಕ್‌ಯಾರ್ಡ್ ವರ್ಲ್ಡ್ಸ್ ಪ್ಲಾನೆಟ್ 9 ಅಂತ ಒಂದು ಯೋಜನೆ 2017ರಲ್ಲಿ ಶುರುವಾಯ್ತು, ವೈಸ್ ಉಪಗ್ರಹದ ಫೋಟೋಗಳನ್ನ ನಾನು ಹೇಳಿದ ಥರನೇ ಬದಲಾಯಿಸ್ತಾ ಸಾಮಾನ್ಯ ಜನರೇ ನೋಡೋದು, ಒಂಬತ್ತನೇ ಗ್ರಹ ಸಿಕ್ಕಿಲ್ಲ ಆದ್ರೆ ಅವರು ಹಿಡಿದ ಕಂದು ಕುಬ್ಜಗಳು, ಅಂದ್ರೆ ನಕ್ಷತ್ರ ಆಗೋಷ್ಟು ತೂಕ ಇಲ್ಲದ ಮಂಕು ಕಾಯಗಳು, ಸಂಶೋಧನಾ ಪ್ರಬಂಧಗಳಲ್ಲಿ ಬಂದಿವೆ. ಇದರ ತೊಂದರೆ ಅಂದ್ರೆ ಸಾವಿರ ಫೋಟೋ ನೋಡಿದ್ರೂ ಏನೂ ಸಿಗದೇ ಇರಬಹುದು, ಮೊಬೈಲ್ ಹಿಡ್ಕೊಳೋಕೆ ಒಂದು ನೆಪನೂ ಆಗಬಹುದು, ವಾರಕ್ಕೆ ಇಷ್ಟು ಹೊತ್ತು ಅಂತ ನೀವೇ ಇಟ್ಕೊಳಿ. ಇನ್ನೊಂದು, ಶಾಲೆ ತಂಡಗಳು ಸೇರೋ ಅಂತರರಾಷ್ಟ್ರೀಯ ಕ್ಷುದ್ರಗ್ರಹ ಶೋಧ ಅಭಿಯಾನ, ಹವಾಯಿಯ ಪ್ಯಾನ್‌ಸ್ಟಾರ್ಸ್ ದೂರದರ್ಶಕದ ಫೋಟೋ ಕಳಿಸ್ತಾರೆ, ವಿಂಡೋಸ್ ಕಂಪ್ಯೂಟರ್ ಬೇಕು, ಅಭಿಯಾನಕ್ಕೆ ಫೀಸಿಲ್ಲ, ಆದ್ದರಿಂದ ಸರ್ಟಿಫಿಕೇಟಿಗೆ ದುಡ್ಡು ಕೊಡಿ ಅಂತ ಮಧ್ಯದಲ್ಲಿ ಯಾರಾದ್ರೂ ಕೇಳಿದ್ರೆ ಯಾಕೆ ಅಂತ ವಿಚಾರಿಸಿ. ಆ ಸೈನ್ಸ್ ಮೇಷ್ಟ್ರನ್ನೇ ಮುಂದಾಳು ಮಾಡಿ ಅಂತ ಮಗನ ಕೈಲಿ ಕೇಳಿಸಿ, ಸುಳ್ಳನ್ನ ಸಹಿಸದ ಮೇಷ್ಟ್ರು ಇಂಥ ಕೆಲ್ಸಕ್ಕೆ ಬಹಳ ಬೇಕು.

ಏನಾದ್ರೂ ಕೊಡಿಸ್ಲೇಬೇಕು ಅಂದ್ರೆ 10×50 ಬೈನಾಕ್ಯುಲರ್ ಕೊಡಿಸಿ, ಟೆಲಿಸ್ಕೋಪಿನ ಬೆಲೆಯ ಸಣ್ಣ ಭಾಗದಲ್ಲಿ ಬರತ್ತೆ, ಸೂರ್ಯನ ಕಡೆ ಮಾತ್ರ ಯಾವತ್ತೂ ತಿರುಗ್ಸಬಾರ್ದು, ಕಣ್ಣೇ ಹೋಗತ್ತೆ, ಇದನ್ನ ಎರಡೆರಡು ಸಲ ಹೇಳಿ. ನವೆಂಬರ್ ಡಿಸೆಂಬರಲ್ಲಿ ಅಮಾವಾಸ್ಯೆ ಹಿಂದೆ ಮುಂದೆ, ತೋಟದ ಲೈಟ್ ಆರಿಸಿ, ಕೃತ್ತಿಕೆ ಗೊಂಚಲು ಹಿಡೀಲಿ. ಯುರೇನಸ್ ಈ ವರ್ಷಗಳಲ್ಲಿ ಆ ಕಡೆನೇ ಇದೆ, ಸರಿಯಾದ ಜಾಗ ಮೊಬೈಲಿನ ಆಕಾಶ ನಕ್ಷೆ ತೋರಿಸತ್ತೆ. ಒಂದು ನೋಟ್ ಬುಕ್ಕಲ್ಲಿ ಸುತ್ತಲಿನ ಚುಕ್ಕಿಗಳನ್ನ ಬರೆದು ತಾರೀಕು ಹಾಕ್ಲಿ, ಹತ್ತು ದಿನ ಬಿಟ್ಟು ಮತ್ತೆ ಬರೀಲಿ, ಒಂದು ಚುಕ್ಕಿ ಚಂದ್ರನ ಅಗಲದ ಹತ್ತತ್ರ ಸರಿದಿರತ್ತೆ. 1690ರಲ್ಲಿ ಇಂಗ್ಲೆಂಡಿನ ಫ್ಲ್ಯಾಮ್‌ಸ್ಟೀಡ್ ಇದೇ ಯುರೇನಸನ್ನ ಇದೇ ವೃಷಭದಲ್ಲಿ ನೋಡಿ 34 ಟೌರಿ ಅಂತ ನಕ್ಷತ್ರದ ನಂಬರ್ ಕೊಟ್ಟು ಮುಂದೆ ಹೋಗ್ಬಿಟ್ಟ, ಗ್ರಹ ಅಂತ ಗೊತ್ತಾಗೋಕೆ ಇನ್ನೂ 91 ವರ್ಷ ಬೇಕಾಯ್ತು. ಒಂದು ಸುತ್ತಿಗೆ 84 ವರ್ಷ, ಅವತ್ತಿಂದ ನಾಲ್ಕು ಸುತ್ತು ಮುಗಿಸಿ ಅದು ಈಗ ಹೆಚ್ಚುಕಮ್ಮಿ ಅದೇ ಜಾಗಕ್ಕೆ ಬಂದು ನಿಂತಿದೆ. ನಿಮ್ಮ ಮಗ ಎರಡ್ನೇ ರಾತ್ರಿ ಬರೆದ ಪುಟದ ಫೋಟೋ ನಂಗೆ ಕಳಿಸೋಕೆ ಹೇಳಿ, ಸರಿಯಾದ ಚುಕ್ಕಿ ಹಿಡಿದಿದಾನಾ ಅಂತ ನೋಡಿ ಬರೀತೀನಿ.